ಕಾರಿನ ಕೆಳಗೆ ಮಿಸ್ ಇಡುತ್ತಿದ್ದ ತಟ್ಟೆ

ನಮ್ಮ ಇಂದಿರಾನಗರದ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಒಂದು ಹಳೆಯ ಕಾರು ನಿಂತಿದೆ. ಮೂರನೇ ಮಹಡಿಯ ಹುಡುಗ ಎಲ್ಲಿಂದಲೋ ಹುಡುಕಿ ತಂದದ್ದು. "ಕ್ಲಾಸಿಕ್, ಆಂಟಿ" ಎಂದು ಹೆಮ್ಮೆಯಿಂದ ತೋರಿಸಿದ್ದ. ಕ್ಲಾಸಿಕ್ ಹೌದೋ ಅಲ್ಲವೋ, ಎಣ್ಣೆಯಂತೂ ಸೋರುತ್ತದೆ. ಅಸೋಸಿಯೇಷನ್ನಿನವರು ಲಿಫ್ಟಿನ ಪಕ್ಕ ನೋಟಿಸು ಅಂಟಿಸಿದ್ದಾರೆ. ವಾಚ್‌ಮನ್ ದಿನಾ ಬೆಳಿಗ್ಗೆ ಮರದ ಪುಡಿ ಚೆಲ್ಲಿ, ಉಜ್ಜಿ, ಗುಡಿಸುತ್ತಾನೆ. ಮರುದಿನ ಅದೇ ಜಾಗದಲ್ಲಿ ಮತ್ತೆ ಅದೇ ಕಪ್ಪು ಬೊಟ್ಟು.

ಮೊನ್ನೆ ವಾಕಿಂಗ್ ಮುಗಿಸಿ ಲಿಫ್ಟಿಗಾಗಿ ಕಾಯುತ್ತಿದ್ದಾಗ ಒಂದು ತೊಟ್ಟು ಬಿದ್ದದ್ದು ನನಗೆ ಕೇಳಿಸಿತು. ನನ್ನ ಕಿವಿ ಈಗ ಅಷ್ಟು ಚುರುಕಿಲ್ಲ. ಟೀವಿಯ ವಾಲ್ಯೂಮ್ ಬಗ್ಗೆ ಮಗಳು ದಿನವೂ ಗೊಣಗುತ್ತಾಳೆ. ಆದರೂ ಅದು ಕೇಳಿಸಿತು. ಲಿಫ್ಟ್ ಬಂದು, ಬಾಗಿಲು ತೆರೆದು, ಮುಚ್ಚಿ, ಮೇಲೆ ಹೋಯಿತು. ನಾನು ಅಲ್ಲೇ ನಿಂತಿದ್ದೆ. ಹಲಸೂರಿನ ಒಂದು ತಗಡಿನ ಶೆಡ್ಡು, ಅದರೊಳಗೆ ಮಂಡಿಯೂರಿ ಕೂತ ಒಬ್ಬ ಹೆಂಗಸಿನ ಬೆನ್ನು ಕಣ್ಣ ಮುಂದೆ ಬಂತು.

ಮಿಸ್ ಎಂದಷ್ಟೇ ಬರೆಯುತ್ತೇನೆ. ಅವರಿಗೆ ಚೆಂದದ ಹೆಸರೊಂದಿತ್ತು. ಆದರೆ ತಮ್ಮ ಹೆಸರು ಅಚ್ಚಿನಲ್ಲಿ ಕಾಣುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಸ್ಕೂಲ್ ಮ್ಯಾಗಝೀನಿನಲ್ಲಿ ಕೂಡ ಹೆಸರು ತೆಗೆಸಿ "ನೀಡಲ್‌ವರ್ಕ್ ಮಿಸ್ಟ್ರೆಸ್" ಎಂದು ಹಾಕಿಸುತ್ತಿದ್ದರು. ಅವರು ತೀರಿಕೊಂಡಾಗ ನಾನು ಗಂಡನ ಕೆಲಸದ ಬೆನ್ನಿಗೆ ಉತ್ತರದ ಯಾವುದೋ ಊರಿನಲ್ಲಿದ್ದೆ. ಸುದ್ದಿ ತಿಳಿಯುವ ಹೊತ್ತಿಗೆ ಅವರ ಮನೆಯನ್ನೂ ಕೆಡವಿಯಾಗಿತ್ತು. ಅತ್ತಿದ್ದೆನೋ ಇಲ್ಲವೋ, ಆನೆಸ್ಟ್ಲಿ, ನೆನಪಿಲ್ಲ. ಈಗ ಅನ್ನಿಸುತ್ತದೆ, ಅವರಿಗಾಗಿ ಅಳುವುದನ್ನು ನಾನು ಅದಕ್ಕೂ ಬಹಳ ಮುಂಚೆಯೇ ಮುಗಿಸಿಬಿಟ್ಟಿದ್ದೆ.

ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ, ಅವರ ಮನೆ ಒಂದೇ ಗೋಡೆಗೆ ಒರಗಿಕೊಂಡಿದ್ದವು. ಅವರ ಕಾರಿನ ಶೆಡ್ಡು ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿತ್ತು. ಆ ಗಲ್ಲಿಯಲ್ಲಿ ತಮಿಳು, ಉರ್ದು, ಇಂಗ್ಲಿಷು ಎಲ್ಲ ಹರಿದಾಡುತ್ತಿತ್ತು. ಕನ್ನಡದ ಮನೆ ನಮ್ಮವೆರಡೇ. ಅದಕ್ಕೇ ಅಮ್ಮನಿಗೆ ಮಿಸ್ ಎಂದರೆ ತವರಿನವರ ಹಾಗೆ. ಮಿಸ್‌ಗೆ ತಂದೆತಾಯಿ ಇರಲಿಲ್ಲ, ಮದುವೆ ಆಗಿರಲಿಲ್ಲ. ಇದ್ದದ್ದು ಒಬ್ಬನೇ ತಮ್ಮ. ತಾಯಿ ಹೋದಾಗ ಅವನಿನ್ನೂ ತೊಟ್ಟಿಲಲ್ಲಿದ್ದನಂತೆ, ಇವರಿಗೆ ಆಗತಾನೆ ಲಂಗದಾವಣಿ. ಅಲ್ಲಿಂದ ಅವನನ್ನು ಸಾಕಿ, ಓದಿಸಿ, ಆಳೆತ್ತರ ಮಾಡಿದ್ದು ಇವರೇ. ಹೆಣ್ಣು ಕೇಳಲು ಬಂದವರೆಲ್ಲ ತಮ್ಮನನ್ನು ಎಲ್ಲಿ ಬಿಡುತ್ತೀರಿ ಎಂದು ಕೇಳುತ್ತಿದ್ದರು, ಅಷ್ಟಕ್ಕೇ ಮಾತು ಮುಗಿಯುತ್ತಿತ್ತು ಎಂದು ಅಮ್ಮ ಹೇಳುತ್ತಿದ್ದಳು.

ಕಾನ್ವೆಂಟಿನಲ್ಲಿ ಅವರು ನಮಗೆ ಹೊಲಿಗೆ ಕಲಿಸುತ್ತಿದ್ದರು. ತುಂಬುತೋಳಿನ ಬಿಳಿ ರವಿಕೆ, ಭುಜದ ಮೇಲೆ ಸೆರಗು ಜಾರದಂತೆ ಸಣ್ಣ ಬ್ರೂಚು, ನೆರಿಗೆ ಒಂದೂ ಹೆಚ್ಚುಕಡಿಮೆಯಿಲ್ಲದ ಹತ್ತಿಯ ಸೀರೆ. ಕಲೆ ಎಂದರೆ ಅವರಿಗೆ ಆಗದು. ಯಾರ ಯೂನಿಫಾರ್ಮಿನ ಮೇಲಾದರೂ ಶಾಯಿಯೋ ಸಾಂಬಾರೋ ಕಂಡರೆ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. "ಡೋಂಟ್ ರಬ್, ಗರ್ಲ್ಸ್. ಡ್ಯಾಬ್" ಎನ್ನುತ್ತಾ ತಾವೇ ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯುತ್ತಿದ್ದರು. ಕಲೆಯನ್ನು ಬಿದ್ದ ದಿನವೇ ನೋಡಿಕೊಳ್ಳಬೇಕು, ನಾಳೆ ಅನ್ನುವಷ್ಟರಲ್ಲಿ ಅದು ಬಟ್ಟೆಯದೇ ಆಗಿಬಿಡುತ್ತೆ ಎಂದು ಅವರು ಹೇಳಿದ್ದು ನನ್ನ ಮಕ್ಕಳಿಗೂ ಬಾಯಿಪಾಠ.

ಇಂಥವರ ಉಗುರಿನ ಸಂದಿಯಲ್ಲಿ ಸದಾ ಕಪ್ಪು ಗೆರೆ. ಸೀರೆಯ ಅಂಚಿನಲ್ಲಿ ಎಲ್ಲೋ ಒಂದು ಕಡೆ ನಾಣ್ಯದಷ್ಟಗಲ ಜಿಡ್ಡು. ಸೊಂಟಕ್ಕೆ ಸಿಕ್ಕಿಸಿದ ಒಂದು ಚಿಂದಿ ಬಟ್ಟೆ, ಗಂಡಸರ ಷರ್ಟಿನ ತುಂಡು, ನೀಲಿ ಪಟ್ಟೆಯದು. ಕ್ಲಾಸಿನ ಹುಡುಗಿಯರು ಅವರಿಗೆ ಮಿಸ್ ಗ್ರೀಸ್ ಎಂದು ಹೆಸರಿಟ್ಟಿದ್ದರು. ಇನ್ನೊಂದು ವಿಚಿತ್ರವೂ ಇತ್ತು. ಅವರು ಕೊಡೆ ಹಿಡಿಯಲಿ, ಕತ್ತರಿಯ ಪೆಟ್ಟಿಗೆ ಎತ್ತಲಿ, ಕಾಫಿ ಲೋಟ ಹಿಡಿಯಲಿ, ಹೆಬ್ಬೆರಳು ಎದುರಿಗೆ ಬರುತ್ತಿರಲಿಲ್ಲ. ಉಳಿದ ನಾಲ್ಕು ಬೆರಳಿನ ಜೊತೆಗೇ ಒಂದೇ ಕಡೆ ಕೂತಿರುತ್ತಿತ್ತು. ಹುಡುಗಿಯರು ಅದನ್ನೂ ಅಣಕಿಸುತ್ತಿದ್ದರು. ಯಾಕೆಂದು ಗೊತ್ತಿದ್ದದ್ದು ನನಗೊಬ್ಬಳಿಗೆ, ಯಾಕೆಂದರೆ ನಮ್ಮ ಕಿಟಕಿಯಿಂದ ಶೆಡ್ಡು ಕಾಣುತ್ತಿತ್ತು.

ಆ ಕಾರು ತಮ್ಮನದು. ಊರು ಬಿಟ್ಟು ಹೊರಟಿದ್ದ ಯಾವನೋ ಬಿಳಿ ದೊರೆಯಿಂದ ಕೊಂಡದ್ದು. ಆಗಲೇ ಹಳೆಯದು, ಉದ್ದ ಮೂಗು, ಬಾಟಲಿ ಹಸಿರು, ಬಾಗಿಲು ಹಾಕಿದರೆ ಇಡೀ ಗಲ್ಲಿಗೆ ಕೇಳಿಸುತ್ತಿತ್ತು. ಅವನು ಮೋಟಾರು ರಿಪೇರಿ ಕಲಿತವನು. ಭಾನುವಾರ ಬಂದರೆ ಅರ್ಧ ದಿನ ಕಾರಿನ ಕೆಳಗೆ, ಅರ್ಧ ದಿನ ಕಾರಿನ ಒಳಗೆ. ಸಂಜೆ ಮುಖ ತೊಳೆದು, ಒತ್ತಿದ ಉಣ್ಣೆಯ ಬೂದು ಫೆಲ್ಟ್ ಹ್ಯಾಟನ್ನು ಸ್ವಲ್ಪ ಓರೆಯಾಗಿ ಇಟ್ಟುಕೊಂಡು, ಅಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೆರೆಯ ಸುತ್ತ ಒಂದು ರೌಂಡು. ಜಾಗವಿದ್ದರೆ ಹಿಂದಿನ ಸೀಟಿನಲ್ಲಿ ನಾನೂ. ಹ್ಯಾಟು ಗಾಳಿಗೆ ಹಾರದಂತೆ ಮಿಸ್ ಒಂದು ಕೈಯಿಂದ ಅವನ ತಲೆ ಒತ್ತಿ ಹಿಡಿದಿರುತ್ತಿದ್ದರು. "ಅಕ್ಕಾ, ನಾನು ಡ್ರೈವ್ ಮಾಡ್ಲೋ ಬೇಡ್ವೋ?" ಎಂದು ಅವನು ನಗುತ್ತಿದ್ದ. ಕ್ಲಾಸಿನಲ್ಲಿ ನಾವು ಕಾಣದ ಮಿಸ್ ಅಲ್ಲಿರುತ್ತಿದ್ದರು.

ಯುದ್ಧ ಶುರುವಾದ ಮೇಲೆ ಅವನು ಸೈನ್ಯದ ಮೋಟಾರು ವಿಭಾಗಕ್ಕೆ ಸೇರಿದ. ಸ್ವಲ್ಪ ದಿನದಲ್ಲೇ ಮಲಯಾ ಕಡೆಗೆ ಹೊರಡಲು ಆರ್ಡರ್ ಬಂತು. ಹೊರಡುವ ಹಿಂದಿನ ದಿನವೂ ನೀಲಿ ಪಟ್ಟೆಯ ಷರ್ಟಿನಲ್ಲಿ ಕಾರಿನ ಕೆಳಗೇ ಮಲಗಿದ್ದ. ಎಂಜಿನ್ನಿನ ಮುಂದೆ, ತಿರುಗುವ ದಂಡ ಹೊರಬರುವ ಕಡೆ, ಎಣ್ಣೆ ತಡೆಯಲು ಒಂದು ಫೆಲ್ಟ್ ಉಂಗುರ ಇರುತ್ತದಂತೆ. ಅದು ಸವೆದು ಹೋಗಿತ್ತು. ಬಂದ ಮೇಲೆ ಹೊಸದು ಹಾಕುತ್ತೇನೆ, ಅಲ್ಲಿಯವರೆಗೆ ಕೆಳಗೊಂದು ತಟ್ಟೆ ಇಡು, ಎಣ್ಣೆ ಹಾಳು ಮಾಡಬೇಡ, ಭಾನುವಾರಕ್ಕೊಮ್ಮೆ ಎಂಜಿನ್ ತಿರುಗಿಸು, ಗಾಡಿಯನ್ನು ನಿದ್ದೆ ಹೋಗಲು ಬಿಡಬೇಡ ಎಂದು ಅಕ್ಕನಿಗೆ ಹೇಳಿದ. ಹ್ಯಾಂಡಲ್ ಹಾಕಿ ತಿರುಗಿಸುವುದನ್ನೂ ಕಲಿಸಿದ. ಅದು ಒಮ್ಮೊಮ್ಮೆ ಹಿಂದಕ್ಕೆ ಒದೆಯುತ್ತದೆ, ಹೆಬ್ಬೆರಳು ಸುತ್ತಿ ಹಿಡಿದಿದ್ದರೆ ಮೂಳೆ ಮುರಿಯುತ್ತದೆ. ಎಲ್ಲ ಬೆರಳೂ ಒಂದೇ ಕಡೆ ಇರಬೇಕು. ಮಿಸ್ ಆ ಪಾಠವನ್ನು ಕೈಗೆ ಎಷ್ಟು ಕಲಿಸಿದರೆಂದರೆ ಆಮೇಲೆ ಕಾಫಿ ಲೋಟವನ್ನೂ ಹಾಗೇ ಹಿಡಿದರು.

ಅವನು ಯೂನಿಫಾರ್ಮಿನಲ್ಲಿ ಹೊರಟ. ಹ್ಯಾಟು ವರಾಂಡದ ಗೂಟದ ಮೇಲೆ ಉಳಿಯಿತು.

ಸಿಂಗಾಪುರ ಬಿದ್ದ ಸುದ್ದಿ ನಮಗೆ ಬಂದದ್ದು ಅಸೆಂಬ್ಲಿಯಲ್ಲಿ. ಪ್ರಾರ್ಥನೆಗೆ ಮುಂಚೆ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಗಂಭೀರವಾಗಿ ಹೇಳಿದರು. ನಾನು ತಿರುಗಿ ನೋಡಿದೆ. ಮಿಸ್ ಗೋಡೆಯ ಪಕ್ಕ ನಿಂತು, ಮುಂದಿನ ಸಾಲಿನ ಮಗುವೊಂದರ ಕಾಲರ್ ಸರಿಮಾಡುತ್ತಿದ್ದರು. ಸರಿಯಾದ ಮೇಲೂ ಮಾಡುತ್ತಲೇ ಇದ್ದರು. ಕೆಲವು ತಿಂಗಳಾದ ಮೇಲೆ ಸೈನ್ಯದಿಂದ ಅವರಿಗೆ ಬಂದದ್ದು ಒಂದೇ ಮಾತು, ಮಿಸ್ಸಿಂಗ್. ಸತ್ತ ಎಂದಲ್ಲ, ಸೆರೆಯಲ್ಲಿದ್ದಾನೆ ಎಂದೂ ಅಲ್ಲ. ಆ ಒಂದು ಮಾತಿನ ಮೇಲೆ ಅವರು ಉಳಿದ ಯುದ್ಧವನ್ನೆಲ್ಲ ಕಳೆದರು.

ದಿನಾ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಶೆಡ್ಡಿನ ಬಾಗಿಲು ಕಿರುಗುಟ್ಟುತ್ತಿತ್ತು. ಮಿಸ್ ಮಂಡಿಯೂರಿ, ಕಾರಿನ ಮೂತಿಯ ಕೆಳಗೆ ಅಂಗೈ ಒಡ್ಡುತ್ತಿದ್ದರು. ತೊಟ್ಟು ಅಂಗೈ ಮೇಲೆ ಬೀಳುವವರೆಗೆ ಕಾಯುತ್ತಿದ್ದರು. ಬಿದ್ದ ಮೇಲೆ ಸೊಂಟದ ಚಿಂದಿಯಲ್ಲಿ ಒರೆಸಿಕೊಂಡು, ನೀಲಿ ಅಂಚಿನ ಎನಾಮಲ್ ತಟ್ಟೆಯನ್ನು ಎಳೆದು, ಅದರಲ್ಲಿ ನಿಂತ ಎಣ್ಣೆಯನ್ನು ಮಲ್ ಬಟ್ಟೆಯಲ್ಲಿ ಸೋಸಿ, ಮತ್ತೆ ಎಂಜಿನ್ನಿಗೆ ಸುರಿಯುತ್ತಿದ್ದರು. ಎಣ್ಣೆ ಎಲ್ಲಿ ಸಿಗುತ್ತಿತ್ತು ಆಗ? ಸಕ್ಕರೆ, ಸೀಮೆಎಣ್ಣೆ, ಬಟ್ಟೆ ಎಲ್ಲಕ್ಕೂ ಕ್ಯೂ. ಪೆಟ್ರೋಲು ಕೂಪನ್ನಿನಲ್ಲಿ ಬರುವಷ್ಟು. ಅದನ್ನು ಅವರು ಎಲ್ಲಿಗೂ ಹೋಗಲು ಬಳಸಲಿಲ್ಲ. ಭಾನುವಾರ ಸೆರಗು ಬಿಗಿದು, ಹ್ಯಾಂಡಲ್ ಹಾಕಿ, ಬೆವರಿಳಿಸಿಕೊಂಡು ತಿರುಗಿಸುತ್ತಿದ್ದರು. ಎಂಜಿನ್ ಕೆಮ್ಮಿ, ಉಸಿರಾಡಿ, ನಡುಗುತ್ತಾ ನಿಂತಾಗ ಪಕ್ಕದಲ್ಲಿ ಕೈಕಟ್ಟಿ ನಿಂತು ಕೇಳುತ್ತಿದ್ದರು. ಕಾರು ನಿಂತಲ್ಲೇ ನಿಂತು ಓಡುತ್ತಿತ್ತು. ಆಮೇಲೆ ವಾರವಿಡೀ ಎಣ್ಣೆ ತೊಟ್ಟಿಕ್ಕುತ್ತಿತ್ತು.

ನಮ್ಮಜ್ಜಿಗೆ ಇದೊಂದು ತಮಾಷೆ. ಹಬ್ಬಕ್ಕೆ ತಲೆಗೆ ಹಚ್ಚಲು ಎಣ್ಣೆ ಇಲ್ಲ, ನಿಮ್ಮ ಮಿಸ್ಸು ದಿನಾ ಮೋಟಾರಿಗೆ ಎಣ್ಣೆಸ್ನಾನ ಮಾಡಿಸ್ತಾಳೆ ಎಂದು ಗೋಡೆಯಾಚೆಗೆ ಕೇಳುವ ಹಾಗೇ ಹೇಳುತ್ತಿದ್ದಳು. ಮಿಸ್‌ಗೂ ಕೇಳಿಸುತ್ತಿತ್ತು. ಒಂದು ಸಲ ಕಿಟಕಿಯ ಹತ್ತಿರ ಬಂದು, "ಅಜ್ಜಿ, ಸೀಗೆಪುಡಿ ಇದ್ರೆ ಸ್ವಲ್ಪ ಕೊಡಿ, ತಲೆ ತೊಳಸ್ಬೇಕು" ಎಂದರು. ಅಜ್ಜಿ ಬಿದ್ದು ಬಿದ್ದು ನಕ್ಕಳು. ಆ ವರ್ಷಗಳಲ್ಲಿ ಮಿಸ್ ಮಾಡಿದ ಜೋಕು ನನಗೆ ನೆನಪಿರುವುದು ಅದೊಂದೇ.

ನಗು ಬಾರದ ಮಾತುಗಳೂ ಇದ್ದವು. ಕೋಲಾರದ ಕಡೆಯ ಸೋದರಮಾವ ಒಬ್ಬರು ಬಂದು, ಹುಡುಗನ ಕರ್ಮ ಮಾಡಿಬಿಡೋಣ, ಇಲ್ಲದಿದ್ದರೆ ಅವನಿಗೂ ನೆಮ್ಮದಿಯಿಲ್ಲ, ನಿನಗೂ ಇಲ್ಲ ಎಂದು ಎರಡು ದಿನ ಕೂತು ಹೇಳಿದರು. ಮಿಸ್ ಅವರಿಗೆ ಊಟ ಬಡಿಸಿದರು, ಹಾಸಿಗೆ ಹಾಸಿದರು, ಜಟಕಾ ಹತ್ತಿಸಿ ಕಳಿಸಿದರು. ಅವರು ಹೋದ ಮೇಲೆ ಹ್ಯಾಟನ್ನು ಗೂಟದಿಂದ ತೆಗೆದು, ಬ್ರಷ್ ಮಾಡಿ, ಹೊಗೆ ಹಿಡಿದ ಕೆಟಲಿನ ಆವಿಗೆ ಒಡ್ಡಿ ಅಂಚಿನ ತಿರುವು ಸರಿಮಾಡಿ, ಮತ್ತೆ ಅಲ್ಲೇ ತೂಗಿಹಾಕಿದ್ದನ್ನು ನಾನು ನೋಡಿದೆ.

ಕಾನ್ವೆಂಟಿನ ಸಿಸ್ಟರುಗಳು ಪೂರ್ವದ ಹಳ್ಳಿಗಳಲ್ಲಿ ವಾರಕ್ಕೊಮ್ಮೆ ಔಷಧಿ ಕೊಡುತ್ತಿದ್ದರು. ಕೆ.ಆರ್.ಪುರ, ದೊಡ್ಡನೆಕ್ಕುಂದಿ, ಅಲ್ಲಿಂದ ಇನ್ನೂ ಒಳಗೆ. ಯುದ್ಧದಲ್ಲಿ ಅವರ ವ್ಯಾನು ಕೆಟ್ಟು ಮೂಲೆ ಸೇರಿತು. ವಯಸ್ಸಾದ ಸಿಸ್ಟರೊಬ್ಬರು ಎತ್ತಿನಗಾಡಿಯಲ್ಲಿ ಬಿಸಿಲಿಗೆ ಹೋಗಿ ಬರತೊಡಗಿದರು. ಮದರ್ ಮಿಸ್ಸನ್ನು ಕರೆದು, ನಿನ್ನ ತಮ್ಮ ಬರುವವರೆಗೆ ಕಾರು ಕೊಡು, ಪೆಟ್ರೋಲು ನಾವು ನೋಡಿಕೊಳ್ಳುತ್ತೇವೆ ಎಂದರು. ಮಿಸ್ ತಕ್ಷಣ ಒಪ್ಪಿದರು. ಕಾರಿಗೂ ನಿದ್ದೆ ಹತ್ತುವುದಿಲ್ಲ, ಒಳ್ಳೆಯ ಕೆಲಸವೂ ಆಗುತ್ತದೆ ಎಂದು ಅಮ್ಮನ ಹತ್ತಿರ ಹೇಳಿ ಖುಷಿಪಟ್ಟರು. ಆದರೆ ದೂರದ ದಾರಿಗೆ ಸೋರಿಕೆ ಮೊದಲು ನಿಲ್ಲಬೇಕಿತ್ತು.

ಹೊಲಿಗೆಯವರ ಬುದ್ಧಿ ಹೊಲಿಗೆಯ ಹಾಗೇ ಓಡುತ್ತದೆ. ಎರಡು ಅಂಚು ಕೂಡುವ ಕಡೆ ಸಡಿಲ ಬಿಟ್ಟರೆ ಸೋರದೆ ಇನ್ನೇನು ಎನ್ನುತ್ತಾ, ಕ್ಲಾಸಿನ ಕತ್ತರಿ ತಂದು ಶೆಡ್ಡಿನಲ್ಲಿ ಕೂತರು. ಪಕ್ಕದ ಬೀದಿಯ ಡ್ರೈವರೊಬ್ಬನಿಂದ ಮುಂದಿನ ಭಾಗ ಬಿಚ್ಚಿಸಿ, ಕಂದು ಕಾಗದವನ್ನು ಪದರ ಪದರವಾಗಿ ಸಾಬೂನಿನಲ್ಲಿ ಅಂಟಿಸಿ ಉಂಗುರ ಮಾಡಿದರು. ಅದು ಕರಗಿತು. ಬಾಟಲಿಯ ಬಿರಡೆಗಳನ್ನು ತೆಳ್ಳಗೆ ಕೊಯ್ದು ಜೋಡಿಸಿದರು. ಅದು ಪುಡಿಯಾಯಿತು. ಕಿಂಡರ್‌ಗಾರ್ಟನ್ ಮಕ್ಕಳ ಬೊಂಬೆ ಮಾಡಲು ಇಟ್ಟಿದ್ದ ಕೆಂಪು ಫೆಲ್ಟನ್ನು ಎರಡು ಮಡಿಕೆ ಮಾಡಿ, ಬಟನ್‌ಹೋಲ್ ಹೊಲಿಗೆ ಹಾಕಿ ಕೂರಿಸಿದರು. ಒಂದು ಭಾನುವಾರ ತಡೆಯಿತು. ಮರುದಿನ ತಟ್ಟೆಯಲ್ಲಿ ಕೆಂಪು ನೂಲಿನ ಎಳೆಗಳು ತೇಲುತ್ತಿದ್ದವು.

ಕೊನೆಗೆ ಶಿವಾಜಿನಗರದಿಂದ ಮೇಸ್ತ್ರಿಯೊಬ್ಬರನ್ನು ಕರೆಸಿದರು. ರಸೆಲ್ ಮಾರ್ಕೆಟಿನ ಹಿಂದೆ ಅವರ ವರ್ಕ್‌ಶಾಪು. ತಮ್ಮನಿಗೆ ಪರಿಚಯದವರು. ದಪ್ಪ ಆಸಾಮಿ, ಕಾರಿನ ಕೆಳಗೆ ನುಸುಳಲು ಅರ್ಧ, ಹೊರಬರಲು ಅರ್ಧ ಹೊತ್ತು ತೆಗೆದುಕೊಂಡರು. ಆಮೇಲೆ ವರಾಂಡದಲ್ಲಿ ಕೂತು ಟೀ ಕುಡಿದರು. ಅಮ್ಮ ಕೊಟ್ಟ ಚಕ್ಕುಲಿ ಹಿಡಿದು ನಾನೂ ಅಲ್ಲೇ ಇದ್ದೆ. ಈ ಸೋರಿಕೆ ಇಟ್ಟುಕೊಂಡು ಕೆ.ಆರ್.ಪುರ ಮುಟ್ಟುವುದರೊಳಗೆ ಎಂಜಿನ್ ಒಣಗಿ ಕಚ್ಚಿಕೊಳ್ಳುತ್ತದೆ, ಇದಕ್ಕೆ ದಪ್ಪನೆಯ, ಒತ್ತಿ ಮಾಡಿದ ಫೆಲ್ಟೇ ಆಗಬೇಕು, ಬಜಾರಿನಲ್ಲಿ ಇರುವುದೆಲ್ಲ ಮಿಲಿಟರಿಗೆ ಹೋಗುತ್ತಿದೆ ಎಂದು ವಿವರಿಸುತ್ತಿದ್ದವರು, ಮಾತಿನ ನಡುವೆ ತಲೆಯೆತ್ತಿ ಗೂಟದ ಕಡೆ ನೋಡಿದರು.

"ಮಿಸ್ಸಮ್ಮಾ, ಮನೇಲೇ ಮಾಲು ಇಟ್ಕೊಂಡು ನನ್ನ ಬಜಾರೆಲ್ಲ ಸುತ್ತಿಸ್ತೀರಲ್ಲ. ಆ ಹ್ಯಾಟಿನ ಅಂಚು ಕೊಡಿ. ಏಕ್‌ದಮ್ ಫಸ್ಟ್ ಕ್ಲಾಸ್ ವಿಲಾಯ್ತಿ ಫೆಲ್ಟು. ಆಮೇಲೆ ಒಂದು ತೊಟ್ಟು ಬಿದ್ರೆ ನನ್ನ ಕೇಳಿ."

ಮಿಸ್ ಹ್ಯಾಟಿನ ಕಡೆ ನೋಡಲಿಲ್ಲ. ಮೇಸ್ತ್ರಿಯ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದರು.

"ಅದು ತಲೆಗೆ ಹಾಕ್ಕೊಳ್ಳೋದು, ಮೇಸ್ತ್ರಿ."

"ಹಾಕ್ಕೊಳ್ಳೋದಕ್ಕೆ ಯಾರಿದಾರೆ..." ಎಂದವರು ಅಲ್ಲಿಗೇ ನಿಲ್ಲಿಸಿದರು. ನಿಧಾನವಾಗಿ ತಮ್ಮ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹಾಕ್ಕೊಳ್ಳೋರು ಬರ್ತಾರೆ" ಎಂದರು ಮಿಸ್. "ಟೀ ಆರ್ತಾ ಇದೆ, ಕುಡೀರಿ."

ಮೇಸ್ತ್ರಿ ಹೋದರು. ಕಾರು ಉಳಿಯಿತು, ತಟ್ಟೆ ಉಳಿಯಿತು. ಎತ್ತಿನಗಾಡಿ ವಾರವಾರವೂ ನಮ್ಮ ಗಲ್ಲಿಯ ತುದಿಯಲ್ಲಿ ಹಾದುಹೋಗುತ್ತಿತ್ತು. ಒಳಗೆ ಔಷಧಿಯ ಪೆಟ್ಟಿಗೆ, ಪಕ್ಕದಲ್ಲಿ ಬಿಸಿಲಿಗೆ ಕೆಂಪಾದ ಮುಖದ ಸಿಸ್ಟರು. ಮದರ್ ಒಂದೆರಡು ಸಲ ಕೇಳಿ, ಕಾರಣ ತಿಳಿದ ಮೇಲೆ ಸುಮ್ಮನಾದರು. ಆದರೆ ಸ್ಟಾಫ್ ರೂಮು ಸುಮ್ಮನಾಗಲಿಲ್ಲ. ಒಂದು ಹಳೇ ಹ್ಯಾಟಿಗೋಸ್ಕರ, ಇಮ್ಯಾಜಿನ್, ಎನ್ನುವ ಮಾತು ನಮ್ಮ ತರಗತಿಗೂ ಬಂತು. ಅಮ್ಮ ಕೂಡ ಒಂದು ಮಧ್ಯಾಹ್ನ ಮಿಸ್ ಜೊತೆ ಹಪ್ಪಳ ಒತ್ತುತ್ತಾ ಮೆಲ್ಲಗೆ ಮಾತು ತೆಗೆದಳು: ಅವನು ಬಂದರೆ ಹೊಸದು ಕೊಳ್ಳಬಹುದಲ್ಲ? ಮಿಸ್ ಲಟ್ಟಣಿಗೆ ನಿಲ್ಲಿಸಿದರು. "ಅವನು ಬಂದು ಗೂಟಕ್ಕೆ ಕೈ ಚಾಚ್ತಾನಲ್ಲ, ಆಗ ಅಲ್ಲಿ ಹ್ಯಾಟು ಇದ್ದ ಹಾಗೇ ಇಲ್ದೆ ಇದ್ರೆ? ನಾನು ಕಾದಿಲ್ಲ ಅಂತ ತಾನೆ ಅರ್ಥ?" ಎಂದರು. ಅಮ್ಮ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಸಿಸ್ಟರ್ ಹೋಗುವ ದಿನ ಮಿಸ್ ಗಲ್ಲಿಯ ತುದಿಗೆ ಹೋಗಿ ಗಾಡಿಯಲ್ಲಿ ಒಂದು ಹೂಜಿ ಮಜ್ಜಿಗೆ ಇಟ್ಟು ಬರುತ್ತಿದ್ದರು. ತಲೆ ಎತ್ತುತ್ತಿರಲಿಲ್ಲ.

ಯುದ್ಧ ಮುಗಿಯಿತು. ಪರೇಡ್ ಮೈದಾನದ ಕಡೆ ಬ್ಯಾಂಡು, ಬೀದಿಯಲ್ಲಿ ದೀಪ. ಸೆರೆಯಲ್ಲಿದ್ದವರು ಗುಂಪು ಗುಂಪಾಗಿ ಬರುತ್ತಾರೆಂದು ಸುದ್ದಿಯಾಯಿತು. ಮಿಸ್ ಸ್ಕೂಲು ಬಿಟ್ಟ ಮೇಲೆ ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋಗತೊಡಗಿದರು. ಇಸ್ತ್ರಿ ಮಾಡಿದ ಸೀರೆ, ಉಜ್ಜಿ ಉಜ್ಜಿ ಬಿಳುಪಾದ ಉಗುರು. ಸೊಂಟದಲ್ಲಿ ಮಾತ್ರ ಆ ಚಿಂದಿ ಇದ್ದೇ ಇತ್ತು. ಸಂಜೆ ಅವರ ಗೇಟಿನ ಸದ್ದಿಗೆ ಅಮ್ಮ ಕಿಟಕಿಗೆ ಬಂದು, ಒಬ್ಬರದೇ ಹೆಜ್ಜೆ ಎಂದು ಖಾತ್ರಿಯಾದ ಮೇಲೆ ಒಲೆಯ ಕಡೆ ತಿರುಗುತ್ತಿದ್ದಳು.

ಆ ಮನುಷ್ಯ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಮಿಸ್ ಎಂಜಿನ್ ನಿಲ್ಲಿಸಿ ತಟ್ಟೆ ಇಡುತ್ತಿದ್ದರು. ನಾನು ಅವರ ಕ್ರೋಶಾ ಪುಸ್ತಕ ಹಿಂದಿರುಗಿಸಲು ಹೋಗಿದ್ದೆ. ಗೇಟಿನಲ್ಲಿ ಒಬ್ಬ ನಿಂತಿದ್ದ. ಮಿಲಿಟರಿಯ ಬಟ್ಟೆ, ಒಳಗೆ ಮೈಯೇ ಇಲ್ಲದ ಹಾಗೆ. ಕಣ್ಣು ಹಳದಿ. ಕೆ.ಆರ್.ಪುರದ ಆಚೆಯ ಹಳ್ಳಿಯವನು, ತಮ್ಮನ ಜೊತೆ ಒಂದೇ ಕ್ಯಾಂಪಿನಲ್ಲಿದ್ದವನು. ಮಿಸ್ ಎದ್ದು ನಿಲ್ಲಲಿಲ್ಲ. ನೆಲದ ಮೇಲೆ ಕೂತಿದ್ದವರು ಹಾಗೇ ಅವನನ್ನು ನೋಡಿದರು.

ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಅವರೆದುರು ನೆಲದ ಮೇಲೇ ಕೂತ. ಕಾರಿನ ಕೆಳಗಿನ ತಟ್ಟೆಯ ನೀಲಿ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ.

"ನೀನೇನಾದ್ರೂ ನನಗಿಂತ ಮುಂಚೆ ಊರು ಸೇರಿದ್ರೆ, ಅಕ್ಕ ಇನ್ನೂ ತಟ್ಟೆ ಇಡ್ತಾಳಾ ನೋಡ್ಕೊಂಡು ಬಾ ಅಂತ ನಿಮ್ಮ ತಮ್ಮ ಅಂದಿದ್ರಕ್ಕ. ದಿನಾ ಇದೇ ಕಾರಿನ ಮಾತು. ಕೇಳಿ ಕೇಳಿ ನಮಗೆಲ್ಲ ಈ ಶೆಡ್ಡು ಗೊತ್ತು."

"ಯಾವಾಗ?" ಎಂದರು ಮಿಸ್.

ಸೆರೆ ಹಿಡಿದವರು ಕಾಡಿನಲ್ಲಿ ರೈಲು ದಾರಿ ಹಾಕಿಸುತ್ತಿದ್ದಾಗ ಜ್ವರ ಬಂದು ಹೋದನೆಂದು ಅವನು ಹೇಳಿದ. ಎರಡು ಮಳೆಗಾಲದ ಹಿಂದೆ. ಮಣ್ಣು ಹಾಕಿದವರಲ್ಲಿ ತಾನೂ ಒಬ್ಬ ಎಂದ. ಇನ್ನೂ ಏನೇನೋ ಹೇಳಿದ. ಮಿಸ್ ಅಂಗೈಯನ್ನು ಚಿಂದಿಯಲ್ಲಿ ಒರೆಸುತ್ತಾ ಕೇಳುತ್ತಿದ್ದರು. ಅವನು ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ.

"ಬಿಸಿಲಿಗೆ ತಲೆ ಮೇಲೆ ಏನು ಹಾಕ್ಕೊಳ್ತಿದ್ದ?"

ಅವನಿಗೆ ಅರ್ಥವಾಗಲಿಲ್ಲ. ಅವರು ಮತ್ತೆ ಅದನ್ನೇ ಕೇಳಿದರು.

"ಏನೂ ಇರ್ಲಿಲ್ಲಕ್ಕ" ಎಂದ. "ಬಟ್ಟೆನೇ ಇರ್ಲಿಲ್ಲ ನಮಗೆ. ಬಾಳೆಲೆ ಕಟ್ಕೊಳ್ತಿದ್ವಿ. ಒಂದೊಂದ್ಸಲ ಅದೂ ಸಿಗ್ತಿರ್ಲಿಲ್ಲ."

ಮಿಸ್ ಎದ್ದು ಒಳಗೆ ಹೋಗಿ ಅವನಿಗೆ ಎಲೆ ಹಾಕಿದರು. ಅನ್ನ ಬಡಿಸಿದರು, ಮತ್ತೆ ಬಡಿಸಿದರು. ಅವನು ಸಾಕು ಎಂದು ಎಲೆಗೆ ಕೈ ಅಡ್ಡ ಇಟ್ಟರೂ ತುಪ್ಪದ ಚಮಚ ಹಿಡಿದು ನಿಂತೇ ಇದ್ದರು. ನಾನು ಓಡಿಹೋಗಿ ಅಮ್ಮನನ್ನು ಕರೆತಂದೆ. ಅಮ್ಮ ಬಂದು ಅವರ ಕೈಯಿಂದ ಚಮಚ ತೆಗೆದುಕೊಂಡಳು.

ಮರುದಿನ ಅವರು ಸ್ಕೂಲಿಗೆ ಬರಲಿಲ್ಲ. ಮದರ್ ಕೇಳಿಕೊಂಡು ಬಾ ಎಂದು ನನ್ನನ್ನು ಕಳಿಸಿದರು. ವರಾಂಡದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಅದರ ಮೇಲೆ ಹ್ಯಾಟು, ಹೊಲಿಗೆಯ ಸೀಮೆಸುಣ್ಣ, ಹಳೆಯ ಸವೆದ ಫೆಲ್ಟಿನ ಉಂಗುರ. ಮಿಸ್ ಆ ಉಂಗುರವನ್ನು ಹ್ಯಾಟಿನ ಅಂಚಿನ ಮೇಲಿಟ್ಟು ಗುರುತು ಹಾಕುತ್ತಿದ್ದರು. ಅಂಚು ಅಷ್ಟು ಅಗಲವಿರಲಿಲ್ಲ, ಇಡೀ ಉಂಗುರ ಒಂದೇ ತುಂಡಿನಲ್ಲಿ ಬರುವಂತಿರಲಿಲ್ಲ. ಎರಡು ಅರ್ಧಗಳನ್ನು ಮಾಡಿ ಸೇರಿಸಬೇಕಿತ್ತು. ಫೆಲ್ಟ್ ಕತ್ತರಿಸುವಾಗ ನಡುವೆ ಕತ್ತರಿ ನಿಲ್ಲಿಸಬಾರದು, ನಿಲ್ಲಿಸಿದ ಕಡೆ ಅಂಚಿಗೆ ಹಲ್ಲು ಮೂಡುತ್ತದೆ ಎಂದು ತರಗತಿಯಲ್ಲಿ ನಮಗೆ ಎಷ್ಟು ಸಲ ಹೇಳಿದ್ದರೋ. ಅಂದು ಅವರ ಕತ್ತರಿ ಎಲ್ಲೂ ನಿಲ್ಲಲಿಲ್ಲ. ಬೂದು ಫೆಲ್ಟು ಒಂದೇ ಉಸಿರಿನಲ್ಲಿ ಸುತ್ತಿ ಬಂದು ಬಿಳಿ ಬಟ್ಟೆಯ ಮೇಲೆ ಕಳಚಿ ಬಿತ್ತು. ಹೆಬ್ಬೆರಳು ಮಾತ್ರ ಕತ್ತರಿಯ ಕಣ್ಣಿನೊಳಗೆ ಹೋಗಲೇಬೇಕಲ್ಲ, ಅದು ಉಳಿದ ಬೆರಳುಗಳಿಗೆ ಎದುರಾಗಿತ್ತು.

"ಮದರ್‌ಗೆ ಹೇಳು ಚೈಲ್ಡ್, ಕಾರು ರೆಡಿಯಾಗತ್ತೆ" ಎಂದರು. "ಇನ್ಮೇಲೆ ಅವರದೇ. ವಾಪಸ್ ಕೇಳಲ್ಲ."

ಮೇಸ್ತ್ರಿ ಬಂದು ಎರಡು ಅರ್ಧಗಳನ್ನೂ ಎಣ್ಣೆಯಲ್ಲಿ ನೆನೆಸಿ ಕೂರಿಸಿದರು. ಈ ಸಲ ಟೀ ಕುಡಿಯುವಾಗ ಗೂಟಕ್ಕೆ ಬೆನ್ನು ಹಾಕಿ ಕೂತರು. ಅಂಚಿಲ್ಲದ ಹ್ಯಾಟನ್ನು ಮಿಸ್ ಮತ್ತೆ ಅಲ್ಲೇ ತೂಗಿಹಾಕಿದ್ದರು. ಮಗುಚಿದ ಬಟ್ಟಲಿನ ಹಾಗೆ ಕಾಣುತ್ತಿತ್ತು.

ಕಾನ್ವೆಂಟಿನ ಡ್ರೈವರು ಬಂದು ಕಾರು ಹೊರಗೆ ತೆಗೆದ ದಿನ ಇಡೀ ಗಲ್ಲಿ ನಿಂತು ನೋಡಿತು. ಅಜ್ಜಿ ಗೇಟಿಗೆ ಬಂದು ಮಿಸ್ ಪಕ್ಕ ನಿಂತಳು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಶೆಡ್ಡಿನ ನೆಲದಲ್ಲಿ ಉಳಿದದ್ದು ನಾಲ್ಕು ಚಕ್ರದ ಗುರುತು, ಮಧ್ಯೆ ತಟ್ಟೆಯಷ್ಟಗಲ ಬಿಳಿ ಜಾಗ. ಸುತ್ತ ಧೂಳು, ಅಲ್ಲಿ ಮಾತ್ರ ನೆಲ ಶುಭ್ರ. ಒಂದು ತೊಟ್ಟೂ ಅವರು ನೆಲಕ್ಕೆ ಬೀಳಲು ಬಿಟ್ಟಿರಲಿಲ್ಲ.

ಆಮೇಲೆ ಆ ಕಾರು ಕಾನ್ವೆಂಟಿನ ಪೋರ್ಟಿಕೋದಲ್ಲಿ ನಿಲ್ಲುತ್ತಿತ್ತು. ಸಿಸ್ಟರು ಅದರಲ್ಲಿ ಹಳ್ಳಿಗಳಿಗೆ ಹೋಗಿ ಬರುತ್ತಿದ್ದರು. ನಾನು ಸ್ಕೂಲು ಮುಗಿಸುವವರೆಗೂ ಪ್ರತಿದಿನ ಬೆಳಿಗ್ಗೆ ಅದನ್ನು ಹಾದುಹೋದೆ. ಅದರ ಕೆಳಗಿನ ಕೆಂಪು ನೆಲದ ಮೇಲೆ ಒಂದು ಚುಕ್ಕೆ ಕಂಡದ್ದಿಲ್ಲ. ಮೇಸ್ತ್ರಿಯ ಮಾತು ಸುಳ್ಳಾಗಲಿಲ್ಲ.

ಮಿಸ್ ಬೇಗ ಬರುತ್ತಿದ್ದರು, ಇನ್ನೂ ಮಕ್ಕಳು ಯಾರೂ ಬಂದಿರದ ಹೊತ್ತಿಗೆ. ಒಂದು ಬೆಳಿಗ್ಗೆ ನಾನೂ ಬೇಗ ಹೋಗಿ ಕಂಬದ ಹಿಂದೆ ಶೂ ಲೇಸು ಕಟ್ಟುತ್ತಿದ್ದೆ. ಅವರು ಹೊಲಿಗೆಯ ಚೀಲವನ್ನು ಮೆಟ್ಟಿಲ ಮೇಲಿಟ್ಟು, ಸುತ್ತ ಒಮ್ಮೆ ನೋಡಿ, ಇಸ್ತ್ರಿ ಸೀರೆಯಲ್ಲೇ ಮಂಡಿಯೂರಿದರು. ಕಾರಿನ ಮೂತಿಯ ಕೆಳಗೆ ಅಂಗೈ ಒಡ್ಡಿದರು. ಕಾದರು. ಪ್ರಾರ್ಥನೆಯ ಮೊದಲ ಗಂಟೆ ಹೊಡೆಯುವವರೆಗೂ ಕಾದರು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, ಏನೂ ಬಿದ್ದಿರದ ಆ ಅಂಗೈಯನ್ನು ಸೊಂಟದ ನೀಲಿ ಪಟ್ಟೆಯ ಚಿಂದಿಯಲ್ಲಿ ಒರೆಸಿಕೊಂಡು, ಎದ್ದು ಒಳಗೆ ಹೋದರು.